ತಂಗಿಗೆ ಕೆಂಪು ವೃತ್ತ: ‘ನೀವು ಕೆಲಸಕ್ಕೆ ರೆಡಿ ಅಲ್ಲ’ ಅಂತ ಕಂಪ್ಯೂಟರ್ ಹೇಳಬಹುದಾ?

ಬಾಯಾರು ಪದವು (ಭಾನುವಾರ, ರಾತ್ರಿ 9:10)

ಕೇರಳದ ಗಡಿಯ ನಮ್ಮ ಕಾಸರಗೋಡಿನ ಕನ್ನಡದವರಿಗೆಲ್ಲ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ಕಳೆದ ವಾರ ನನ್ನ ತಂಗಿ ಒಂದು ಉದ್ಯೋಗ ಶಿಬಿರಕ್ಕೆ ಹೋಗಿದ್ದಳು. ಸರಕಾರದ್ದೇ. ಯಾವುದು, ಎಲ್ಲಿ ಅಂತ ಬರೆಯುವುದಿಲ್ಲ. ಅಲ್ಲಿದ್ದ ಹುಡುಗರ ಹೊಟ್ಟೆಪಾಡಿಗೆ ಕಲ್ಲು ಹಾಕುವುದು ನನಗೆ ಬೇಡ. ಲ್ಯಾಪ್‌ಟಾಪ್ ಹಿಡಿದು ಕೂತ ಒಬ್ಬ ಹುಡುಗ ಪ್ರಶ್ನೆ ಕೇಳುತ್ತಾ ಹೋದ, ಇವಳು ಹೇಳುತ್ತಾ ಹೋದಳು. ವಯಸ್ಸು 31. ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ, ಆಮೇಲೆ ಬಿಕಾಂ. ಒಂದು ಅಂಗಡಿಯಲ್ಲಿ ಎರಡು ವರ್ಷ ಲೆಕ್ಕ ಬರೆದಿದ್ದಾಳೆ. ಮದುವೆ, ಮಗು. ಅತ್ತೆ ಹಾಸಿಗೆ ಹಿಡಿದರು. ನಾಲ್ಕು ವರ್ಷದಿಂದ ಮನೆಯಲ್ಲೇ ಇದ್ದಾಳೆ.

ಕೊನೆಗೆ ಸ್ಕ್ರೀನಿನಲ್ಲಿ ಒಂದು ಕೆಂಪು ವೃತ್ತ ಬಂತು. ಹುಡುಗ ಹೇಳಿದ್ದು ಇಷ್ಟೇ: ‘ನಿಮ್ಮದು ರೆಡಿನೆಸ್ ಕಮ್ಮಿ ಉಂಟು. ಮೊದಲು ಬೇಸಿಕ್ ಕೋರ್ಸ್ ಮಾಡಿ.’ ಯಾಕೆ ಕಮ್ಮಿ ಅಂತ ಕೇಳಿದ್ದಕ್ಕೆ ‘ಅದು ಸಿಸ್ಟಮ್ ಹೇಳುವುದು ಚೇಚಿ (ಅಕ್ಕ)’ ಅಂದನಂತೆ.

‘ಮನೆಯಲ್ಲೇ ಇದ್ದಾಳೆ’ ಅಂದೆನಲ್ಲ, ಅದು ಅವರು ಬರೆದುಕೊಂಡ ಮಾತು. ಆ ನಾಲ್ಕು ವರ್ಷವೂ ಅವಳು ಬೀಡಿ ಕಟ್ಟಿದ್ದಾಳೆ. ಅತ್ತೆಯ ಮೈ ಒರೆಸಿ, ಮಗುವನ್ನು ಅಂಗನವಾಡಿಗೆ ಬಿಟ್ಟು ಬಂದು, ಸೂಪು (ಮೊರ) ಮಡಿಲಲ್ಲಿಟ್ಟು ಕೂತರೆ ಸಂಜೆಗೆ ಆರು ನೂರು, ಏಳು ನೂರು ಬೀಡಿ.

ಇದು ಯಾವ ಲೆಕ್ಕ? ತಿಳಿದವರು ಹೇಳಿ.

ತಲಪಾಡಿ ಬಾರ್ಡರ್ (ರಾತ್ರಿ 9:31)

ನನಗೆ ಹಸಿರು ಬರಬಹುದು ಮಾರಾಯ್ರೆ. ಹತ್ತು ವರ್ಷದಿಂದ ಕೆಲಸ ಹುಡುಕುವುದರಲ್ಲಿ ಫುಲ್ ಟೈಮ್ ಅನುಭವ ಉಂಟು.

ಅಡ್ಕದ ಮನೆ (ರಾತ್ರಿ 9:48)

ತಮಾಷೆ ಇರಲಿ ಅಣ್ಣ. ನಾನೂ ಬೀಡಿ ಕಟ್ಟಿಯೇ ಓದಿದವಳು. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕಿಂಗ್ ಮಾಡುವವರು ಕಟ್ಟು ಬಿಚ್ಚಿ ಬೀಡಿ ಹೊರಗೆ ಎಸೆಯುವಾಗ ಹೊಟ್ಟೆ ಉರಿಯುತ್ತಿತ್ತು. ಆದರೆ ಅವರು ನಮ್ಮ ಎದುರೇ ಬಿಚ್ಚುತ್ತಿದ್ದರು. ‘ಇದು ನೋಡು, ತುದಿ ಮಡಚಿದ್ದು ಸರಿ ಇಲ್ಲ. ಇದರಲ್ಲಿ ಎಲೆ ಹರಿದಿದೆ’ ಅಂತ ಕೈಗೆ ಕೊಡುತ್ತಿದ್ದರು. ಜಗಳ ಮಾಡಬಹುದಿತ್ತು. ನನ್ನ ಅಮ್ಮ ಮಾಡಿದ್ದಾರೆ ಕೂಡ, ಎರಡು ಕಟ್ಟು ವಾಪಸ್ ಒಳಗೆ ಹಾಕಿಸಿದ್ದಾರೆ.

ಈ ಕೆಂಪು ವೃತ್ತ ಯಾವ ಬೀಡಿ ಹರಿದಿದೆ ಅಂತ ತೋರಿಸುವುದಿಲ್ಲ, ಅಲ್ವಾ? ನನ್ನ ಸಿಟ್ಟು ಅದಕ್ಕೆ.

ವಿಯೆನ್ನಾದ ಸೀತಾಂಗೋಳಿಯವ (ಸೋಮವಾರ, ಬೆಳಿಗ್ಗೆ 5:20)

ಪದವು ಅಣ್ಣ, ನಿಮ್ಮ ಪೋಸ್ಟ್ ನೋಡಿ ನಿದ್ದೆ ಬರಲಿಲ್ಲ. ನಾನು ಇರುವ ಆಸ್ಟ್ರಿಯಾದಲ್ಲಿ ಇದೇ ಕಥೆ ದೊಡ್ಡ ಗಲಾಟೆಯಾಗಿದೆ. ನಿಮ್ಮ ಶಿಬಿರದ ಸಾಫ್ಟ್‌ವೇರ್ ಒಳಗೆ ಏನುಂಟು ಅಂತ ನಾನು ಹೇಳಲಾರೆ. ಇಲ್ಲಿನದ್ದರ ಒಳಗೆ ಏನಿತ್ತು ಅಂತ ಹೇಳಬಲ್ಲೆ, ಯಾಕಂದ್ರೆ ಒಂದು ಭಾಗ ಬಹಿರಂಗವಾಗಿದೆ.

ಇಲ್ಲಿ ಕೆಲಸ ಹುಡುಕುವವರೆಲ್ಲ ಎಎಂಎಸ್ ಅನ್ನುವ ಸರಕಾರಿ ಸಂಸ್ಥೆಗೆ ಹೋಗಬೇಕು. ನಮ್ಮ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಹಾಗೆ, ಆದರೆ ದುಡ್ಡು ಜಾಸ್ತಿ. ನಿರುದ್ಯೋಗ ಭತ್ಯೆಯೂ ಅಲ್ಲಿಂದಲೇ, ತರಬೇತಿಯೂ ಅಲ್ಲಿಂದಲೇ. ಬಂದವರನ್ನೆಲ್ಲ ಒಂದು ಲೆಕ್ಕದಿಂದ ಮೂರು ಗುಂಪು ಮಾಡುತ್ತೇವೆ ಅಂತ 2018ರಲ್ಲಿ ಅವರು ಹೇಳಿದರು. ಮುಂದಿನ 7 ತಿಂಗಳಲ್ಲಿ ಕನಿಷ್ಠ 90 ದಿನ ಕೆಲಸ ಸಿಗುವ ಸಂಭವ ಶೇ. 66ಕ್ಕಿಂತ ಜಾಸ್ತಿ ಇದ್ದರೆ ಮೇಲಿನ ಗುಂಪು. 2 ವರ್ಷದಲ್ಲಿ 180 ದಿನ ಕೆಲಸ ಸಿಗುವ ಸಂಭವ ಶೇ. 25ಕ್ಕಿಂತ ಕಡಿಮೆ ಇದ್ದರೆ ಕೆಳಗಿನ ಗುಂಪು. ಉಳಿದವರು ನಡುವಿನವರು.

ದುಬಾರಿ ತರಬೇತಿಗಳು ಮುಖ್ಯವಾಗಿ ನಡುವಿನವರಿಗೆ. ಮೇಲಿನವರಿಗೆ ಬೇಡ, ಹೇಗೂ ಸಿಗುತ್ತದೆ. ಕೆಳಗಿನವರಿಗೆ ಕೊಟ್ಟರೂ ಪ್ರಯೋಜನ ಕಮ್ಮಿ ಅನ್ನುವ ಲೆಕ್ಕಾಚಾರ. ಅವರಿಗೆ ಬೇರೆ, ಕಡಿಮೆ ಖರ್ಚಿನ ವ್ಯವಸ್ಥೆ.

ಲೆಕ್ಕಕ್ಕೆ ಏನೇನು ತಗೊಂಡರು? ಗಂಡೋ ಹೆಣ್ಣೋ, ವಯಸ್ಸು, ಯಾವ ದೇಶದ ಪ್ರಜೆ, ಓದು, ಹಿಂದಿನ ಕೆಲಸ, ಆರೋಗ್ಯದ ತೊಂದರೆ, ಯಾವ ಊರಿನ ಆಫೀಸು. ಬಹಿರಂಗವಾದ ಒಂದು ಮಾದರಿಯಲ್ಲಿ ಹೆಣ್ಣಾದರೆ 0.14 ಕಡಿತ. 50 ದಾಟಿದರೆ 0.70. ಆರೋಗ್ಯದ ತೊಂದರೆಗೆ 0.67. ಯುರೋಪ್ ಒಕ್ಕೂಟದ ಹೊರಗಿನವರಿಗೆ, ಅಂದ್ರೆ ನನ್ನಂಥವರಿಗೆ, 0.05.

ಇನ್ನೊಂದು ಉಂಟು. ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವ ಹೊಣೆ ಇದ್ದರೆ 0.15 ಕಡಿತ. ಆದರೆ ಅದು ಹೆಂಗಸರಿಗೆ ಮಾತ್ರ. ಗಂಡಸರಿಗೆ ಆ ಕಾಲಮ್ಮೇ ಲೆಕ್ಕಕ್ಕಿಲ್ಲ.

ಅಡ್ಕದ ಮನೆ (ಬೆಳಿಗ್ಗೆ 6:02)

ಅಂದ್ರೆ ಅತ್ತೆಗೆ ಗಂಜಿ ಕುಡಿಸಿದ್ದಕ್ಕೆ ಸೊಸೆಗೆ ಮಾರ್ಕ್ ಕಟ್. ಮಗನಿಗೆ ಏನೂ ಇಲ್ಲ. ಇದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಕಿತ್ತಾ? ನಮ್ಮ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಿದ್ದರು.

ಕುಂಬಳೆ ಕೋಡು (ಬೆಳಿಗ್ಗೆ 10:15)

ನಾನು ಇಂಥದ್ದೇ ಮಾಡೆಲ್ ಮಾಡಿ ಸಂಬಳ ತಗೊಳ್ಳುವವನು. ಬೈಯಬೇಡಿ, ಸ್ವಲ್ಪ ಕೇಳಿ.

ಒಂದು, ಆ 0.14, 0.70 ಎಲ್ಲ ಶೇಕಡಾ ಲೆಕ್ಕ ಅಲ್ಲ. ಲಾಜಿಸ್ಟಿಕ್ ರಿಗ್ರೆಶನ್ ಅಂತ ಒಂದು ಹಳೆಯ ವಿಧಾನ. 0.70 ಕಡಿತ ಅಂದ್ರೆ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ಅನುಪಾತ ಸುಮಾರು ಅರ್ಧಕ್ಕೆ ಇಳಿಯುತ್ತದೆ. 0.14ಕ್ಕೆ ಎಂಟರಲ್ಲಿ ಒಂದು ಪಾಲು ಹೋಗುತ್ತದೆ. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಎಐ ಅಂತ ಹೆಸರಿಟ್ಟರೂ ಒಳಗೆ ಕೂಡುವುದು ಕಳೆಯುವುದೇ.

ಎರಡು, ಆ ಸಂಖ್ಯೆಯನ್ನು ಯಾರೂ ಕೂತು ‘ಹೆಂಗಸರಿಗೆ ಇಷ್ಟು ಕಳೆಯೋಣ’ ಅಂತ ಬರೆದದ್ದಲ್ಲ. ಹಿಂದಿನ ವರ್ಷಗಳಲ್ಲಿ ಯಾರಿಗೆ ಕೆಲಸ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವ ದಾಖಲೆಯಿಂದ ಬಂದದ್ದು. ಎಎಂಎಸ್‌ನವರೂ ಇದನ್ನೇ ಹೇಳಿದರು: ಮಾರುಕಟ್ಟೆಯಲ್ಲಿ ಇರುವ ಭೇದ ಇದು, ನಾವು ಅದನ್ನು ತೋರಿಸುತ್ತೇವೆ ಅಷ್ಟೇ. ಕನ್ನಡಿಯ ಮೇಲೆ ಸಿಟ್ಟು ಯಾಕೆ?

ವಿಯೆನ್ನಾದ ಸೀತಾಂಗೋಳಿಯವ (ಮಧ್ಯಾಹ್ನ 12:40)

ಕೋಡು ಭಾವ, ಕನ್ನಡಿ ನೋಡಿ ತಲೆ ಬಾಚುತ್ತಾರೆ, ಸರಿ. ಇವರು ಕನ್ನಡಿ ನೋಡಿ ‘ನಿನ್ನ ಮುಖಕ್ಕೆ ಬಾಚಣಿಗೆ ದಂಡ’ ಅಂತ ಬಾಚಣಿಗೆಯನ್ನು ಪಕ್ಕದವನಿಗೆ ಕೊಡುತ್ತಾರೆ. ಹಿಂದೆ ನಿಮ್ಮಂಥವರಿಗೆ ಯಾರೂ ಕೆಲಸ ಕೊಡಲಿಲ್ಲ, ಅದಕ್ಕೆ ನಾವು ತರಬೇತಿಯೂ ಕೊಡುವುದಿಲ್ಲ. ತರಬೇತಿ ಇಲ್ಲದೆ ಮುಂದೆಯೂ ಸಿಗುವುದಿಲ್ಲ. ಐದು ವರ್ಷ ಬಿಟ್ಟು ಅದೇ ದಾಖಲೆಯಿಂದ ಹೊಸ ಮಾಡೆಲ್. ಆಗ ‘ನೋಡಿ, ನಮ್ಮ ಲೆಕ್ಕ ಸರಿಯಾಗಿಯೇ ಇತ್ತು’ ಅಂತ ಹೇಳಬಹುದು.

ಕುಂಬಳೆ ಕೋಡು (ಮಧ್ಯಾಹ್ನ 1:05)

ಆ ಮಾತು ಒಪ್ಪಿದೆ. ಆದರೆ ಅದು ಲೆಕ್ಕದ ತಪ್ಪಲ್ಲ, ಲೆಕ್ಕ ಹಿಡಿದುಕೊಂಡು ಏನು ಮಾಡುತ್ತಾರೆ ಅನ್ನುವುದರ ತಪ್ಪು. ಆಸ್ಟ್ರೇಲಿಯಾದಲ್ಲಿ 1998ರಿಂದಲೇ ಜೆಎಸ್‌ಸಿಐ ಅಂತ ಒಂದು ಉಂಟು. ಅದೂ ಪ್ರಶ್ನೆ ಕೇಳಿ ಅಂಕ ಕೊಡುವುದೇ. ಆದರೆ ಅಲ್ಲಿ ತೊಂದರೆ ಜಾಸ್ತಿ ಇದ್ದವರಿಗೆ ಅಂಕ ಜಾಸ್ತಿ, ಅಂಕ ಜಾಸ್ತಿ ಇದ್ದರೆ ಸಹಾಯ ಜಾಸ್ತಿ. ಒಂದೇ ತಕ್ಕಡಿ, ತಟ್ಟೆ ಮಾತ್ರ ತಿರುಗಿಸಿದ್ದು. ಪದವು ಅಣ್ಣನ ತಂಗಿಗೆ ಕೆಂಪು ಬಂದು, ಆ ಕೆಂಪಿನಿಂದ ಒಳ್ಳೆಯ ಕೋರ್ಸ್, ಬಸ್ ಚಾರ್ಜ್, ಮಗುವನ್ನು ನೋಡಿಕೊಳ್ಳಲು ಒಂದು ವ್ಯವಸ್ಥೆ ಸಿಕ್ಕಿದ್ದರೆ ಈ ಥ್ರೆಡ್ಡೇ ಇರುತ್ತಿರಲಿಲ್ಲ.

ಉಪ್ಪಳ ರಿಟರ್ನ್ (ಮಧ್ಯಾಹ್ನ 2:22)

ಆಸ್ಟ್ರೇಲಿಯಾವನ್ನು ಹೊಗಳಬೇಡಿ ಬ್ರೋ. ಅಲ್ಲಿನ ಸರಕಾರದ ರೋಬೋಡೆಟ್ ಪದ್ಧತಿ ನೆನಪುಂಟಾ? ವರ್ಷದ ಆದಾಯವನ್ನು ಹದಿನೈದು ದಿನದ ಕಂತಿಗೆ ಸಮ ಹಂಚಿ, ‘ನೀನು ಆಗ ಇಷ್ಟು ದುಡಿದಿದ್ದೆ, ಭತ್ಯೆ ಜಾಸ್ತಿ ತಗೊಂಡಿದ್ದೀ, ವಾಪಸ್ ಕಟ್ಟು’ ಅಂತ ಲಕ್ಷಾಂತರ ಜನಕ್ಕೆ ನೋಟಿಸ್. ಸರಾಸರಿ ಮಾಡಿದ್ದೇ ತಪ್ಪು. 2020ರಲ್ಲಿ ಹಣ ವಾಪಸ್ ಕೊಡಲು ಒಪ್ಪಿದರು. 2023ರಲ್ಲಿ ವಿಚಾರಣಾ ಆಯೋಗದ ವರದಿ ಬಂತು.

ಇಲ್ಲಿ ಅದೇ ಮಾಡಿದರೆ? ಅಡಿಕೆ ಕೊಯ್ಲಿಗೆ ಹೋಗುವವ ನಾಲ್ಕು ತಿಂಗಳು ಕೈತುಂಬ ದುಡಿಯುತ್ತಾನೆ. ಮಳೆಗಾಲದ ಮೊದಲು ಮದ್ದು ಬಿಡುವಾಗ ಇನ್ನೊಂದಷ್ಟು. ಆಮೇಲೆ ಆಟಿ ತಿಂಗಳಲ್ಲಿ ಮನೆಯ ಮಾಡಿನಿಂದ ಬೀಳುವ ನೀರು ಲೆಕ್ಕ ಮಾಡುತ್ತಾ ಕೂರುವುದು. ಹನ್ನೆರಡರಿಂದ ಭಾಗಿಸಿದರೆ ಅವನು ತಿಂಗಳ ಸಂಬಳದವನೇ!

ನನ್ನದು ಇನ್ನೊಂದು ಕಥೆ. ದುಬೈಯಲ್ಲಿ 11 ವರ್ಷ ಸ್ಟೋರ್ ಕೀಪರ್. ಕಂಪನಿ ಮುಚ್ಚಿತು, ಸರ್ಟಿಫಿಕೇಟ್ ಕೊಡುವವರೇ ಇಲ್ಲ. ಇಲ್ಲಿ ಫಾರಂನಲ್ಲಿ ಅದು 11 ವರ್ಷದ ಖಾಲಿ ಜಾಗ.

ಎಣ್ಮಕಜೆಯ ಮಗಳು (ಸಂಜೆ 4:50)

‘ಆರೋಗ್ಯದ ತೊಂದರೆ 0.67’ ಅಂತ ಓದಿ ಅಲ್ಲೇ ನಿಂತೆ.

ನಮ್ಮ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲಿದ್ದು ಇಪ್ಪತ್ತು ವರ್ಷಕ್ಕೂ ಜಾಸ್ತಿ, 2000ದವರೆಗೆ. ಚೆಲ್ಲಿಸಿದ್ದು ಸರಕಾರದ ತೋಟಗಾರಿಕಾ ನಿಗಮ. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಹೇಳಬೇಕಾಯಿತು. ನಾಳೆ ಅದೇ ಸರಕಾರದ ಒಂದು ಕಂಪ್ಯೂಟರ್ ನಮ್ಮ ಪಂಚಾಯತಿನ ಹುಡುಗನಿಗೆ ‘ನಿನಗೆ ಆರೋಗ್ಯ ಸರಿ ಇಲ್ಲ, ಒಂದು ಕಡಿತ. ನಿನ್ನ ಊರಲ್ಲಿ ಕೆಲಸ ಸಿಗುವವರು ಕಮ್ಮಿ, ಇನ್ನೊಂದು ಕಡಿತ’ ಅಂದರೆ? ಎರಡೂ ಅವನು ಮಾಡಿದ್ದಲ್ಲ.

ಹಾಗಂತ ಆರೋಗ್ಯದ ವಿಷಯ ಫಾರಂನಲ್ಲಿ ಕೇಳಲೇಬಾರದು ಅಂತ ನಾನು ಹೇಳುವುದಿಲ್ಲ. ಕೇಳದಿದ್ದರೆ ಸಿಗಬೇಕಾದ ಮೀಸಲಾತಿಯೂ ಸಿಗುವುದಿಲ್ಲ. ನನ್ನ ತಮ್ಮನ ವಿಷಯದಲ್ಲಿ ಈ ಎರಡರ ನಡುವೆ ಸಿಕ್ಕಿಹಾಕಿಕೊಂಡು ನೋಡಿದ್ದೇನೆ. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ.

ನಿವೃತ್ತ ಗುಮಾಸ್ತ (ಸಂಜೆ 6:30)

ಮಕ್ಕಳೇ, ನಾನು ಎಕ್ಸ್‌ಚೇಂಜಿನಲ್ಲಿ ಕಾರ್ಡು ತಿರುವಿ ತಿರುವಿ ಬೆರಳು ಸವೆದವನು. ಹಳೆಯದೆಲ್ಲ ಬಂಗಾರ ಅಂತ ಹೇಳುವುದಿಲ್ಲ.

ನಮ್ಮ ಅಲ್ಗಾರಿದಂ ಒಂದೇ: ಸೀನಿಯಾರಿಟಿ. ಮೊದಲು ಹೆಸರು ಹಾಕಿದವರು ಮೊದಲು. ಮೀಸಲಾತಿ ಬೇರೆ ಲೆಕ್ಕ. ಮೂರು ವರ್ಷಕ್ಕೊಮ್ಮೆ ರಿನ್ಯೂವಲ್. ತಪ್ಪಿದರೆ ಸೀನಿಯಾರಿಟಿ ಹೋಯಿತು. ಹತ್ತು ವರ್ಷ ಕಾದವರು ಕಾರ್ಡ್ ಹಿಡಿದು ಅತ್ತದ್ದು ನೋಡಿದ್ದೇನೆ. ಸರಕಾರ ಆಗಾಗ ರಿಯಾಯಿತಿ ಕೊಟ್ಟು ಹಳೆಯ ಸೀನಿಯಾರಿಟಿ ವಾಪಸ್ ಕೊಡುತ್ತಿತ್ತು. ಅಷ್ಟೆಲ್ಲ ಆಗಿ ಕೊನೆಗೆ ಸಿಗುವುದು 179 ದಿನದ ತಾತ್ಕಾಲಿಕ ಕೆಲಸ. ಜಾಣನಿಗೂ ಅದೇ ಸಾಲು, ದಡ್ಡನಿಗೂ ಅದೇ ಸಾಲು. ಅದು ನ್ಯಾಯವಾ? ಗೊತ್ತಿಲ್ಲಪ್ಪ. ಆದರೆ ಯಾರು ಬಂದು ಕೇಳಿದರೂ ‘ನಿನ್ನ ಮುಂದೆ ಇಷ್ಟು ಜನ ಇದ್ದಾರೆ’ ಅಂತ ಲೆಡ್ಜರ್ ತೋರಿಸಲು ಆಗುತ್ತಿತ್ತು.

ಇನ್ನೊಂದು ಮಾತು. ಇಲ್ಲಿ ಎಲ್ಲರೂ ‘ಕಂಪ್ಯೂಟರ್ ತಪ್ಪು ಹೇಳಿದರೆ ಆಫೀಸರ್ ಸರಿ ಮಾಡುತ್ತಾರೆ’ ಅಂದುಕೊಳ್ಳುತ್ತಾರೆ. ಮಾಡುವುದಿಲ್ಲ. ಕುರ್ಚಿಯಲ್ಲಿ ಕೂತವನ ಅನುಭವದಿಂದ ಹೇಳುತ್ತೇನೆ. ಮೇಲಿನಿಂದ ಬಂದ ಲಿಸ್ಟ್ ಬದಲಾಯಿಸಿದರೆ ಯಾಕೆ ಅಂತ ನಾನು ಬರೆದುಕೊಡಬೇಕು. ಬದಲಾಯಿಸದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹೊರಗೆ ನಲವತ್ತು ಜನ ಕ್ಯೂ. ನೀವಾದರೆ ಏನು ಮಾಡುತ್ತೀರಿ?

ವಿಯೆನ್ನಾದ ಸೀತಾಂಗೋಳಿಯವ (ರಾತ್ರಿ 11:15)

ಗುಮಾಸ್ತ ಮಾವ, ನೀವು ಹೇಳಿದ್ದು ಪೋಲೆಂಡಿನಲ್ಲಿ ಹಾಗೆಯೇ ಆಗಿದೆ.

ಅಲ್ಲಿ 2014ರಲ್ಲಿ ಶುರು ಮಾಡಿದರು. 24 ಪ್ರಶ್ನೆ, ಮೂರು ಪ್ರೊಫೈಲ್. ಮೂರನೆಯದಕ್ಕೆ ಬಿದ್ದರೆ ಸಹಾಯ ಬಹಳ ಕಮ್ಮಿ. ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಕೆಲಸ ಹುಡುಕುವವರಿಗೆ ಹೇಳುತ್ತಿರಲಿಲ್ಲ. ಗುಮಾಸ್ತರಿಗೆ ಪ್ರೊಫೈಲ್ ಬದಲಾಯಿಸುವ ಅಧಿಕಾರ ಇತ್ತು. ಬದಲಾಯಿಸಿದ್ದು ನೂರರಲ್ಲಿ ಒಂದಕ್ಕಿಂತಲೂ ಕಮ್ಮಿ. ಪನೊಪ್ಟಿಕಾನ್ ಅನ್ನುವ ಸಂಸ್ಥೆಯವರು ಮಾಹಿತಿ ಕೇಳಿ ಅರ್ಜಿ ಹಾಕಿ ಹಾಕಿ ಇದನ್ನೆಲ್ಲ ಹೊರಗೆ ತಂದರು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಮಂಡಳಿ, ಜನರ ಬಗ್ಗೆ ಏನೇನು ವಿವರ ಕೇಳಬಹುದು ಅನ್ನುವುದು ಕಾಯ್ದೆಯಲ್ಲೇ ಇರಬೇಕು, ಮಂತ್ರಿಯ ಆದೇಶದಲ್ಲಿ ಅಲ್ಲ ಅಂತ ಹೇಳಿತು. 2019ರಲ್ಲಿ ಇಡೀ ಪದ್ಧತಿಯೇ ನಿಂತಿತು.

ನಮ್ಮ ಆಸ್ಟ್ರಿಯಾದ್ದು ದೊಡ್ಡ ಎಳೆದಾಟ. 2021 ಜನವರಿಯಿಂದ ದೇಶವಿಡೀ ಜಾರಿ ಅಂತ ಇತ್ತು. 2020 ಆಗಸ್ಟಿನಲ್ಲಿ ದತ್ತಾಂಶ ರಕ್ಷಣಾ ಪ್ರಾಧಿಕಾರ ತಡೆಯಿತು. ಡಿಸೆಂಬರಿನಲ್ಲಿ ಒಂದು ಕೋರ್ಟ್ ಆ ತಡೆಯನ್ನು ತೆಗೆಯಿತು. 2023 ಡಿಸೆಂಬರಿನಲ್ಲಿ ಅದರ ಮೇಲಿನ ಕೋರ್ಟ್ ಆ ತೀರ್ಪನ್ನೇ ರದ್ದು ಮಾಡಿತು. ಅಲ್ಲಿ ನಿಂತ ಪ್ರಶ್ನೆ ಮಾವ ಎತ್ತಿದ್ದೇ: ಸಹಿ ಹಾಕುವುದು ಮನುಷ್ಯ, ಸರಿ. ಆದರೆ ತೀರ್ಮಾನ ಮಾಡಿದ್ದು ಯಾರು?

ತಲಪಾಡಿ ಬಾರ್ಡರ್ (ರಾತ್ರಿ 11:40)

ಯುರೋಪಿನ ಕಥೆ ಸಾಕು. ನಮ್ಮಲ್ಲಿ ಇವೆಲ್ಲ ಬರುವ ಮೊದಲು ಹೆಸರು ಸರಿ ಬರೆಯಲು ಕಲಿಯಲಿ. ನನ್ನ ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಮಂಗಳೂರಿನ ಡಿಗ್ರಿಯಲ್ಲಿ ಇನ್ನೊಂದು. ರೇಷನ್ ಕಾರ್ಡಿನಲ್ಲಿ ಮಲಯಾಳ ಮಾಡಿದ ಮೇಲೆ ನಾನು ಬೇರೆಯೇ ಜನ. ಕನ್ನಡದ ‘ಶೆಟ್ಟಿ’ ಇಂಗ್ಲಿಷಿಗೆ ಹೋಗಿ ಮಲಯಾಳಕ್ಕೆ ಬರುವಾಗ ನನ್ನನ್ನು ನಾನೇ ಗುರುತಿಸುವುದಿಲ್ಲ.

ಕುಂಬಳೆ ಕೋಡು (ಮಂಗಳವಾರ, ಬೆಳಿಗ್ಗೆ 9:20)

ಬಾರ್ಡರ್ ಅಣ್ಣ ತಮಾಷೆಗೆ ಹೇಳಿದ್ದು ಈ ಥ್ರೆಡ್‌ನ ಅತಿ ಸೀರಿಯಸ್ ಪಾಯಿಂಟ್. ತೆಲಂಗಾಣದಲ್ಲಿ ಸಮಗ್ರ ವೇದಿಕ ಅಂತ ಉಂಟು. ಬೇರೆ ಬೇರೆ ಇಲಾಖೆಯ ದಾಖಲೆಗಳನ್ನು ಹೆಸರು, ವಿಳಾಸ ನೋಡಿ ಒಟ್ಟು ಸೇರಿಸುತ್ತದೆ. ಹೆಸರು ಹೋಲುವ ಬೇರೆ ಯಾರದ್ದೋ ಕಾರು ಬಡವರ ತಲೆಗೆ ಕಟ್ಟಿ ರೇಷನ್ ನಿಂತದ್ದು ಪತ್ರಿಕೆಗಳಲ್ಲಿ ಬಂದಿದೆ. ಅಲ್ಲಿ ರದ್ದಾದ 19 ಲಕ್ಷ ರೇಷನ್ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮೂರು ಲಿಪಿಯಲ್ಲಿ ಬದುಕುವ ನಮ್ಮ ಊರಲ್ಲಿ ಈ ಹೋಲಿಕೆ ಆಟ ಇನ್ನೂ ಅಪಾಯ. ತುಳು ಮಾತಾಡುತ್ತೇವೆ, ಕನ್ನಡದಲ್ಲಿ ಓದುತ್ತೇವೆ, ಅರ್ಜಿ ಮಲಯಾಳ ಅಥವಾ ಇಂಗ್ಲಿಷಿನಲ್ಲಿ. ಫಾರಂನಲ್ಲಿ ‘ಭಾಷೆ’ ಅಂತ ಒಂದೇ ಕಾಲಮ್ ಇದ್ದರೆ ಮೂರು ಭಾಷೆ ಬರುವವನು ಮಲಯಾಳ ಸರಿ ಬಾರದವನಾಗಿ ಕಾಣುತ್ತಾನೆ. ಅದೇ ಕೇರಳದ ಪಿಎಸ್‌ಸಿಯಲ್ಲಿ (ಲೋಕಸೇವಾ ಆಯೋಗ) ಕನ್ನಡ, ಮಲಯಾಳ ಎರಡೂ ಬಲ್ಲವರಿಗೇ ಅಂತ ಬೇರೆ ಕ್ಲರ್ಕ್ ಹುದ್ದೆ ಇದೆ. ಒಂದು ಕಡೆ ಅದು ಅರ್ಹತೆ, ಇನ್ನೊಂದು ಕಡೆ ಕೊರತೆ.

ನಿನ್ನೆಯ ಕನ್ನಡಿ ಮಾತು ವಾಪಸ್ ತಗೊಳ್ಳುತ್ತೇನೆ. ಕನ್ನಡಿಗೆ ಕಾಲಮ್ ಇರುವುದಿಲ್ಲ. ಕಾಲಮ್ ಮಾಡುವುದು ನಮ್ಮಂಥವರೇ, ಎಸಿ ರೂಮಿನಲ್ಲಿ ಕೂತು. ಬೀಡಿಗೆ ಒಂದು ಕಾಲಮ್ ಬೇಕು ಅಂತ ನನಗೂ ಯಾವತ್ತೂ ಹೊಳೆಯುತ್ತಿರಲಿಲ್ಲ. ನನ್ನ ದೊಡ್ಡಮ್ಮ ಬೀಡಿ ಕಟ್ಟಿಯೇ ನನ್ನ ಫೀಸ್ ಕಟ್ಟಿದ್ದು, ಅದೂ ಹೇಳಿಬಿಡುತ್ತೇನೆ.

ನಿರ್ವಾಹಕರು (ಬೆಳಿಗ್ಗೆ 10:00)

ಎರಡು ಕಮೆಂಟ್ ತೆಗೆದಿದ್ದೇವೆ. ಶಿಬಿರ ನಡೆದ ಜಾಗ, ಅಲ್ಲಿದ್ದವರ ಹೆಸರು ಊಹೆ ಮಾಡಿ ಬರೆಯಬೇಡಿ. ಕಾಸರಗೋಡು ಯಾರಿಗೆ ಸೇರಬೇಕು, ಮಹಾಜನ ವರದಿ ಏನು ಹೇಳಿತು ಅನ್ನುವುದಕ್ಕೆ ಬೇರೆ ಥ್ರೆಡ್ ಉಂಟು, 340 ಪುಟ ಆಗಿದೆ. ಅಲ್ಲಿ ಹೋಗಿ.

ಬಾಯಾರು ಪದವು (ಬೆಳಿಗ್ಗೆ 11:10)

ಎಲ್ಲ ಓದಿದೆ. ತಂಗಿಗೂ ಓದಿ ಹೇಳಿದೆ. ಈಗ ಮಾಡುವುದೇನು? ಯಾವ ಬೀಡಿ ಹರಿದಿದೆ ಅಂತ ತೋರಿಸಿ ಅಂತ ಕೇಳಲು ದಾರಿ ಉಂಟಾ?

ಕುಂಬಳೆ ಕೋಡು (ಬೆಳಿಗ್ಗೆ 11:32)

ಯುರೋಪಿನವರಿಗೆ ಜಿಡಿಪಿಆರ್ ಅನ್ನುವ ದತ್ತಾಂಶ ರಕ್ಷಣಾ ಕಾನೂನಿನ 22ನೇ ವಿಧಿ ಉಂಟು. ಯಂತ್ರ ಮಾತ್ರ ಮಾಡಿದ ತೀರ್ಮಾನಕ್ಕೆ ಒಳಗಾಗದಿರುವ ಹಕ್ಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಅಂಥದ್ದು ಇಲ್ಲ. ಅದನ್ನು ನಂಬಿ ಕೂರಬೇಡಿ.

ನಿವೃತ್ತ ಗುಮಾಸ್ತ (ಮಧ್ಯಾಹ್ನ 12:15)

ದಾರಿ ಉಂಟು. ಹಳೆಯದೇ ದಾರಿ.

2005ರ ಮಾಹಿತಿ ಹಕ್ಕು ಕಾಯ್ದೆ. ಸರಕಾರದ ಶಿಬಿರ ಅಂದ್ರಲ್ಲ, ಹಾಗಾದರೆ ನಡೆಸಿದ ಇಲಾಖೆಗೆ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ‘ಯಾಕೆ ಹೀಗೆ ಮಾಡಿದಿರಿ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ. ಯಾವ ಯಾವ ಪ್ರಶ್ನೆ, ಯಾವ ಉತ್ತರಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ. ಸಾಫ್ಟ್‌ವೇರ್ ಮಾಡಿದವರ ಜೊತೆಗಿನ ಕರಾರಿನ ಪ್ರತಿ. ನಿಮ್ಮ ತಂಗಿಯ ಹೆಸರಲ್ಲಿ ತುಂಬಿದ ಫಾರಂನ ಪ್ರತಿ. ವೃತ್ತದ ಬಣ್ಣ ಬದಲಾಯಿಸಲು ಯಾರಿಗೆ ಅಧಿಕಾರ, ಇದುವರೆಗೆ ಎಷ್ಟು ಸಲ ಬದಲಾಯಿಸಿದ್ದಾರೆ. ಈ ಕೊನೆಯದನ್ನು ಬಿಡಬೇಡಿ.

ಅದೇ ಕಾಯ್ದೆಯ 4(1)(ಡಿ) ನೋಡಿ. ಆಡಳಿತದ ತೀರ್ಮಾನಕ್ಕೆ ಕಾರಣವನ್ನು ಅದರಿಂದ ಬಾಧೆ ಆದವರಿಗೆ ತಿಳಿಸಬೇಕು ಅಂತ ಬರೆದಿದೆ. ಅರ್ಜಿಯಲ್ಲಿ ಆ ನಂಬರ್ ಹಾಕಿ.

ಮತ್ತೆ, ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಉಂಟು. ಕೌಂಟರಿನಲ್ಲಿ ಮುಖ ಸಿಂಡರಿಸಿದರೆ ಆ ಕಾಯ್ದೆಯ ಹೆಸರು ಹೇಳಿ. ಜಗಳ ಬೇಡ. ಹೆಸರು ಹೇಳಿ ಸುಮ್ನೆ ನಿಂತುಕೊಳ್ಳಿ.

ಅಡ್ಕದ ಮನೆ (ಮಧ್ಯಾಹ್ನ 12:40)

ಅಣ್ಣ, ತಂಗಿಯ ಹತ್ತಿರ ಬೀಡಿಯ ಪಿಎಫ್ ನಂಬರ್ ಉಂಟಾ ಕೇಳಿ. ಬ್ರಾಂಚಿನ ಪಾಸ್ ಬುಕ್ಕೂ ತೆಗೆದಿಡಿ. ‘ಮನೆಯಲ್ಲೇ ಇದ್ದಾಳೆ’ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಉತ್ತರ ಇಲ್ಲ.

ಬಾಯಾರು ಪದವು (ಶನಿವಾರ, ಸಂಜೆ 7:45)

ಅಪ್‌ಡೇಟ್.

ಪಿಎಫ್ ನಂಬರ್ ಇತ್ತು. ತಂಗಿಯನ್ನು ಕರೆದುಕೊಂಡು ಮತ್ತೆ ಹೋದೆ. ಅದೇ ಹುಡುಗ ಸಿಕ್ಕಿದ. ಪಾಪದವನು, ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿಯೇ ತೋರಿಸಿದ. ‘ಕೊನೆಯ ಕೆಲಸ ಬಿಟ್ಟು ಎಷ್ಟು ತಿಂಗಳು’ ಅನ್ನುವಲ್ಲಿ 48 ಇತ್ತು. ಬೀಡಿ ಅಂತ ಆಯ್ಕೆ ಹುಡುಕಿದರೆ ಪಟ್ಟಿಯಲ್ಲಿ ಇಲ್ಲ. ‘ಇತರೆ’ ಒತ್ತಿ, ಪಿಎಫ್ ನಂಬರ್ ಹಾಕಿ, 48 ಅಳಿಸಿ ಸೊನ್ನೆ ಮಾಡಿದ. ವೃತ್ತ ಹಳದಿ ಆಯಿತು. ಮತ್ತೇನೂ ಬದಲಾಯಿಸಿಲ್ಲ. ಆ ಹುಡುಗನಿಗೇ ಆಶ್ಚರ್ಯ. ‘ಹೀಗೆ ಮಾಡಬಹುದು ಅಂತ ನಮಗೆ ಯಾರೂ ಹೇಳಲಿಲ್ಲ’ ಅಂದ. ಹಳದಿಯವರಿಗೆ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕೋರ್ಸ್ ಉಂಟಂತೆ, ಹೆಸರು ಹಾಕಿ ಬಂದಿದ್ದೇವೆ.

ತಂಗಿ ಹೊರಗೆ ಬಂದು ಕೇಳಿದ್ದು, ‘ಅವತ್ತು ನನ್ನ ಹಿಂದೆ ಕೂತಿದ್ದ ಪೆರ್ಮುದೆಯ ಆ ಅಕ್ಕನಿಗೂ ಕೆಂಪು ಬಂದಿತ್ತು. ಅವರಿಗೆ ಹೇಳುವವರು ಯಾರು?’ ಫೋನ್ ನಂಬರ್ ಇಲ್ಲ. ಅವರೂ ಬೀಡಿಯವರೇ, ಬ್ರಾಂಚಿನಲ್ಲಿ ವಿಚಾರಿಸುತ್ತೇನೆ ಅಂತ ಹೇಳಿದ್ದಾಳೆ.

ಅರ್ಜಿಯನ್ನೂ ಕೊಟ್ಟೆ, ಕನ್ನಡದಲ್ಲೇ. ಮಲಯಾಳದಲ್ಲಿ ಒಂದು ಪ್ರತಿ ಕೊಡಿ ಅಂದರು. ಮಾವ ಹೇಳಿದ ಹಾಗೆ ಕಾಯ್ದೆಯ ಹೆಸರು ಹೇಳಿ ನಿಂತೆ. ಹತ್ತು ನಿಮಿಷ ಒಳಗೆ ಹೊರಗೆ ಓಡಾಡಿದರು, ಆಮೇಲೆ ಸೀಲ್ ಹಾಕಿದರು. 30 ದಿನ ಆದ ಮೇಲೆ ಬಂದ ಉತ್ತರವನ್ನು ಇಲ್ಲೇ ಹಾಕುತ್ತೇನೆ.

ನಿವೃತ್ತ ಗುಮಾಸ್ತ (ರಾತ್ರಿ 8:20)

ರಸೀದಿಯ ಜೆರಾಕ್ಸ್ ಎರಡು ಮಾಡಿಸಿ. ಒರಿಜಿನಲ್ ಯಾರಿಗೂ ಕೊಡಬೇಡಿ, ನನಗೂ.

ತಲಪಾಡಿ ಬಾರ್ಡರ್ (ರಾತ್ರಿ 8:31)

‘ಇತರೆ’ಯಲ್ಲಿ ನನ್ನ ಹತ್ತು ವರ್ಷವೂ ಹಿಡಿಸಬಹುದಾ ಕೇಳಿ ಅಣ್ಣ.